ಗೌಪ್ಯದ ವ್ರತವೂ ಸತ್ಯದ ಅಣುವ್ರತವೂ
1942ರ ಭೂಗತ ಹೋರಾಟದ ಸ್ಮರಣೆಯನ್ನು ಕುರಿತ ಒಂದು ವಿಮರ್ಶೆ

ಸ್ವಾತಂತ್ರ್ಯ ಸಂಗ್ರಾಮದ ಇತಿಹಾಸದಲ್ಲಿ ಹಾವೇರಿ ಸೀಮೆಗೆ ಗಣ್ಯವಾದ ಸ್ಥಾನವಿದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಶಾಲೆಗಳಲ್ಲಿ, ಗ್ರಾಮಸಭೆಗಳಲ್ಲಿ, ಬಸದಿಗಳ ಸಭಾಭವನಗಳಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ಭಾಷಣಗಳಿಗೆ 1942ರ ಚಳವಳಿ ಸಹಜವಾದ ವಿಷಯ. ಈ ಭಾಷಣಗಳಲ್ಲಿಯೂ ಸ್ಮರಣ ಸಂಚಿಕೆಗಳಲ್ಲಿಯೂ ಒಂದು ಸಿದ್ಧಮಾತು ಮರಳಿ ಮರಳಿ ಬರುತ್ತದೆ. ನಮ್ಮ ಭಾಗದ ಭೂಗತ ಕಾರ್ಯಕರ್ತರು ಚಾವಡಿಗಳನ್ನು ಸುಟ್ಟರು, ತಂತಿಗಳನ್ನು ಕಡಿದರು, ಟಪಾಲು ಚೀಲಗಳನ್ನು ಕಸಿದರು, ಆದರೆ ಜೀವಹತ್ಯೆಗೆ ಮನಸ್ಸು ಮಾಡಲಿಲ್ಲ. ಆದ್ದರಿಂದ ಅವರ ಹೋರಾಟ ಪರಿಪೂರ್ಣ ಅಹಿಂಸೆಯ ಹೋರಾಟ ಎಂಬುದೇ ಆ ಮಾತು. ಇದರ ಪೂರ್ವಾರ್ಧದಲ್ಲಿ ಹೆಮ್ಮೆಪಡುವಂಥ ಸತ್ಯವಿದೆ. ಉತ್ತರಾರ್ಧದಲ್ಲಿರುವ ತೀರ್ಮಾನ ಮಾತ್ರ ಜೈನ ದರ್ಶನದ ಅಳತೆಗೋಲಿಗೆ ನಿಲ್ಲುವಂಥದಲ್ಲ. ಕೊಲ್ಲದಿರುವುದು ಅಹಿಂಸೆಯ ಮೊದಲ ಮೆಟ್ಟಿಲು; ಅದೇ ಶಿಖರವೆಂದು ಭಾವಿಸಿದರೆ ಹೋರಾಟಗಾರರಿಗೂ ನ್ಯಾಯ ಸಲ್ಲದು, ಅಹಿಂಸೆಗೂ ಸಲ್ಲದು.

ದಂಡಿಯಿಂದ ಹೊಸರಿತ್ತಿಯವರೆಗೆ

ಈ ಪ್ರಶ್ನೆಯ ಎರಡೂ ಮುಖಗಳು ಒಬ್ಬನೇ ವ್ಯಕ್ತಿಯ ಜೀವನದಲ್ಲಿ ಕಾಣಸಿಗುತ್ತವೆ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ನಡೆದ ತಂಡದಲ್ಲಿ ಕರ್ನಾಟಕದಿಂದ ಹೋದ ಏಕೈಕ ಸತ್ಯಾಗ್ರಹಿ. ಆಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. ಆ ಯಾತ್ರೆಯ ವೈಶಿಷ್ಟ್ಯವೆಂದರೆ ಅದರ ಬಹಿರಂಗತೆ. ಹೊರಡುವ ಮುನ್ನವೇ ಗಾಂಧೀಜಿ ವೈಸರಾಯ್ ಇರ್ವಿನ್ನರಿಗೆ ಪತ್ರ ಬರೆದು ತಮ್ಮ ಉದ್ದೇಶವನ್ನು ತಿಳಿಸಿದ್ದರು. ಎದುರಾಳಿಯಿಂದ ಮುಚ್ಚಿಡುವುದು ಏನೂ ಇರಲಿಲ್ಲ. ಬಂಧಿಸಬೇಕೆಂದವರು ದಾರಿಯ ಯಾವ ಊರಿನಲ್ಲಿ ಬೇಕಾದರೂ ಬಂಧಿಸಬಹುದಾಗಿತ್ತು.

ಹದಿಮೂರು ವರ್ಷಗಳ ತರುವಾಯ, 1943ರ ಏಪ್ರಿಲ್ 1ರಂದು, ಅದೇ ಮಹಾದೇವಪ್ಪನವರು ವರದಾ ನದಿಯ ದಂಡೆಯ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದರು. ಅಲ್ಲಿನ ವೀರಭದ್ರ ದೇವಸ್ಥಾನದಲ್ಲಿ ಸರಕಾರ ಕಂದಾಯದ ಹಣವನ್ನು ಇರಿಸಿ ಪೊಲೀಸ್ ಪಹರೆ ಹಾಕಿತ್ತು. ಅದನ್ನು ವಶಪಡಿಸಿಕೊಳ್ಳಲು ಹೋದ ತಂಡದಲ್ಲಿದ್ದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಹುತಾತ್ಮರಾದರು. ಕೈಯಲ್ಲಿ ಬಂದೂಕವಿದ್ದ ಪಹರೆಯವರ ಪ್ರಾಣಕ್ಕೆ ಎರವಾಗಬಾರದೆಂಬ ಎಚ್ಚರವೇ ತಂಡದ ನಾಯಕನ ಪ್ರಾಣಕ್ಕೆ ಎರವಾಯಿತು ಎಂಬುದು ಈ ಭಾಗದ ಜನರ ಸ್ಮರಣೆ. 2018ರಲ್ಲಿ ಭಾರತ ಸರಕಾರ ಮಹಾದೇವಪ್ಪನವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿ ಗೌರವಿಸಿತು.

ಧೈರ್ಯ ಎರಡು ಕಡೆಗೂ ಸಮಾನವಾಗಿತ್ತು, ತ್ಯಾಗ ಎರಡನೆಯ ಕಡೆಗೆ ಹೆಚ್ಚಾಗಿತ್ತು. ಆದರೆ 1930ರ ನಡಿಗೆಗೂ 1943ರ ದಾಳಿಗೂ ನಡುವೆ ಏನೋ ಒಂದು ಬದಲಾಗಿತ್ತು. ಬದಲಾದದ್ದು ಗುರಿಯಲ್ಲ, ಜೀವದಯೆಯೂ ಅಲ್ಲ, ಬದಲಾದದ್ದು ಬಹಿರಂಗತೆ. ಸ್ಮರಣ ಸಾಹಿತ್ಯ ಈ ಬದಲಾವಣೆಯನ್ನು ದಾಟಿಕೊಂಡು ಹೋಗುತ್ತದೆ. ವಿಮರ್ಶೆ ಅಲ್ಲಿಯೇ ನಿಲ್ಲಬೇಕು.

ಗಡಿಗಳ ಸೀಮೆ

1942ರ ಆಗಸ್ಟ್ 8ರ ನಿರ್ಣಯದ ಮರುದಿನ ಬೆಳಗಾಗುವಷ್ಟರಲ್ಲಿ ಕಾಂಗ್ರೆಸ್ಸಿನ ಹಿರಿಯರೆಲ್ಲರೂ ಬಂಧನಕ್ಕೊಳಗಾದರು. ಮಾರ್ಗದರ್ಶನವಿಲ್ಲದೆ ಉಳಿದ ಕಾರ್ಯಕರ್ತರು ಭೂಗತರಾದರು. ಕರ್ನಾಟಕದಲ್ಲಿ ರಂಗನಾಥ ದಿವಾಕರರಂಥ ನಾಯಕರೇ ಮರೆಯಲ್ಲಿದ್ದು ಚಳವಳಿಗೆ ದಿಕ್ಕು ತೋರಿಸಿದರು.

ಹಾವೇರಿ ಸೀಮೆಯ ಭೂಗೋಳ ಇಂಥ ಜೀವನಕ್ಕೆ ಅನುಕೂಲವಾಗಿತ್ತು. ಅಂದು ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಅವುಗಳ ಮಗ್ಗುಲಲ್ಲಿಯೇ ಸವಣೂರು ನವಾಬರ ಪ್ರತ್ಯೇಕ ಸಂಸ್ಥಾನವಾಗಿತ್ತು. ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾದದ್ದು 1948ರಲ್ಲಿ. ಹಾನಗಲ್ಲಿನ ದಕ್ಷಿಣಕ್ಕೆ ಸೊರಬ, ಹಿರೇಕೆರೂರಿನ ದಕ್ಷಿಣಕ್ಕೆ ಶಿಕಾರಿಪುರ, ಅಂದರೆ ಮೈಸೂರು ಸಂಸ್ಥಾನ. ಪಶ್ಚಿಮಕ್ಕೆ ಮಲೆನಾಡಿನ ಅಡವಿ. ಒಂದು ಇರುಳಿನ ನಡಿಗೆಯಲ್ಲಿ ಒಂದು ಆಡಳಿತದಿಂದ ಮತ್ತೊಂದಕ್ಕೆ ದಾಟಬಹುದಾದ ಸೀಮೆ ಇದು.

ಗಡಿ ದಾಟುವುದನ್ನೇ ಹಿಡಿದುಕೊಂಡು ಭೂಗತರನ್ನು ಖಂಡಿಸುವ ವಾದವೊಂದಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ಅಣುವ್ರತದ ಅತಿಚಾರಗಳಲ್ಲಿ ‘ವಿರುದ್ಧರಾಜ್ಯಾತಿಕ್ರಮ’ವನ್ನು ಹೇಳಲಾಗಿದೆ, ಆದ್ದರಿಂದ ರಾಜ್ಯದ ಕಟ್ಟಳೆ ಮೀರಿದವರೆಲ್ಲರೂ ವ್ರತಕ್ಕೆ ಕಳಂಕ ತಂದವರೇ ಎಂಬುದು ಆ ವಾದದ ಸಾರ. ಇದು ಪದವನ್ನು ಹಿಡಿದು ಪ್ರಕರಣವನ್ನು ಬಿಟ್ಟ ವಾದ. ಆ ಅತಿಚಾರವನ್ನು ಹೇಳಿರುವುದು ಕಳ್ಳತನದ ಪ್ರಕರಣದಲ್ಲಿ. ಕಳ್ಳತೂಕ, ಕಳ್ಳಮಾಲು, ಕಳವಿನ ವಸ್ತುವಿನ ಸ್ವೀಕಾರ ಇವುಗಳ ಸಾಲಿನಲ್ಲಿ. ರಾಜ್ಯದ ವ್ಯವಸ್ಥೆ ಕೆಟ್ಟಿರುವಾಗ ಅದರ ಲಾಭ ಪಡೆದು ಅನ್ಯಾಯವಾಗಿ ಗಳಿಸುವ ಲೋಭವೇ ಅಲ್ಲಿಯ ದೋಷ. ಆ ದೋಷಕ್ಕೆ ಉದಾಹರಣೆ ಬೇಕಾದರೆ ಯುದ್ಧಕಾಲದಲ್ಲಿ ಧಾನ್ಯ ಬಚ್ಚಿಟ್ಟು ಕಾಳಸಂತೆಯಲ್ಲಿ ಮಾರಿದವರತ್ತ ಬೆರಳು ತೋರಿಸಬೇಕೇ ಹೊರತು, ಮನೆಮಠ ಬಿಟ್ಟು ಅಡವಿಯಲ್ಲಿ ಹಸಿದವರತ್ತ ಅಲ್ಲ. ಅತಿಯಾದ ಪ್ರಶಂಸೆ ಹೇಗೆ ಸಲ್ಲದೋ ಹಾಗೆಯೇ ಶಾಸ್ತ್ರದ ಹೆಸರಿನಲ್ಲಿ ಮಾಡುವ ಅವಸರದ ಖಂಡನೆಯೂ ಸಲ್ಲದು.

ತರಬೇತಿ ಎಂಬ ಪ್ರಶ್ನೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಧ್ವಂಸ ಮತ್ತು ಬೇಹುಗಾರಿಕೆಗಳು ಕಲಿಸಬಹುದಾದ ವಿದ್ಯೆಗಳಾದವು. 1940ರ ಜುಲೈಯಲ್ಲಿ ಬ್ರಿಟಿಷ್ ಸರಕಾರ ಇದಕ್ಕೆಂದೇ ಒಂದು ಗುಪ್ತ ಸಂಘಟನೆಯನ್ನು ಸ್ಥಾಪಿಸಿತು. ಸ್ಕಾಟ್ಲಂಡಿನ ಗುಡ್ಡಗಾಡಿನ ಬಂಗಲೆಗಳಲ್ಲಿ ಸೇತುವೆ ಸಿಡಿಸುವುದನ್ನೂ ಸದ್ದಿಲ್ಲದೆ ಕೊಲ್ಲುವುದನ್ನೂ ಕಲಿಸಿದರು; ದಕ್ಷಿಣ ಇಂಗ್ಲಂಡಿನ ಬ್ಯೂಲಿ ಎಂಬಲ್ಲಿ ಸುಳ್ಳು ಹೆಸರು, ಸುಳ್ಳು ಊರು, ಸುಳ್ಳು ನೆನಪುಗಳೊಡನೆ ಬದುಕುವುದನ್ನು ಕಲಿಸಿದರು. ಎದುರು ಪಾಳೆಯದಲ್ಲಿ ಮಲಯದ ಪೆನಾಂಗಿನಲ್ಲಿದ್ದ ಸ್ವರಾಜ ಸಂಸ್ಥೆ ಭಾರತೀಯ ತರುಣರಿಗೆ ಇದೇ ವಿದ್ಯೆ ಕಲಿಸಿ 1942ರಲ್ಲಿ ಜಲಾಂತರ್ಗಾಮಿಯ ಮೂಲಕ ಭಾರತದ ಕರಾವಳಿಗೆ ಇಳಿಸಿತು. ಕೇರಳದ ವಕ್ಕಂ ಖಾದರ್ ಮತ್ತು ಅವರ ಮೂವರು ಸಂಗಡಿಗರನ್ನು 1943ರ ಸೆಪ್ಟೆಂಬರ್ 10ರಂದು ಮದರಾಸಿನಲ್ಲಿ ಗಲ್ಲಿಗೇರಿಸಲಾಯಿತು. ದೇಶದೊಳಗೆ ಹಜಾರಿಬಾಗ್ ಸೆರೆಮನೆಯಿಂದ ತಪ್ಪಿಸಿಕೊಂಡ ಜಯಪ್ರಕಾಶ ನಾರಾಯಣರು 1943ರಲ್ಲಿ ನೇಪಾಳದ ತರಾಯಿಯಲ್ಲಿ ‘ಆಜಾದ್ ದಸ್ತಾ’ದ ಶಿಬಿರ ನಡೆಸಿ ಗೆರಿಲ್ಲಾ ತರಬೇತಿ ಕೊಡಿಸಿದರು.

ಹಾವೇರಿ ಸೀಮೆಯ ತಂಡಗಳನ್ನು ಈ ಸಾಲಿನಲ್ಲಿ ಸುಮ್ಮನೆ ಸೇರಿಸಿಬಿಡುವುದು ಅನ್ಯಾಯ. ಮಹಾದೇವಪ್ಪನವರ ಶಿಕ್ಷಣ ನಡೆದದ್ದು ಸಾಬರಮತಿಯ ಆಶ್ರಮದಲ್ಲಿ: ನಸುಕಿನ ಪ್ರಾರ್ಥನೆ, ನೂಲುವುದು, ಮಿತಾಹಾರ, ಶ್ರಮ, ಸೆರೆವಾಸದ ಸಹನೆ. ಊರಿಗೆ ಮರಳಿದ ಮೇಲೆ ಅವರು ಕೈಗೊಂಡದ್ದು ಖಾದಿ ಮತ್ತು ಗ್ರಾಮಸೇವೆ. 1942ರ ಇರುಳಿನ ನಡಿಗೆಗೆ, ಹಸಿವಿಗೆ, ಮೌನಕ್ಕೆ ಬೇಕಾದ ಕಸುವು ಬಂದದ್ದು ಈ ಸಾಧನೆಯಿಂದ. ಬಹಿರಂಗ ಸತ್ಯಾಗ್ರಹಕ್ಕಾಗಿ ಗಳಿಸಿದ ಶಿಸ್ತು ಗುಪ್ತ ಕಾರ್ಯಕ್ಕೆ ವಿನಿಯೋಗವಾಯಿತು. ಕೊಲ್ಲಬಾರದೆಂಬ ಕಟ್ಟಳೆ ಕೊನೆಯ ಗಳಿಗೆಯವರೆಗೂ ಉಳಿದುಬಂದದ್ದಕ್ಕೆ ಇದೇ ಕಾರಣವಿರಬೇಕು. ಕಲಿಕೆ ಯಾವುದೋ ಕೈಯ ತಡೆಯೂ ಅದೇ.

ಆದ್ದರಿಂದಲೇ ಜೈನಾಚಾರ್ಯರು ಕಲಿಸುವವನ ಹೊಣೆಯನ್ನು ಬಲು ಗಂಭೀರವಾಗಿ ಪರಿಗಣಿಸಿದರು. ನಿಷ್ಪ್ರಯೋಜಕ ಪಾಪಗಳಾದ ಅನರ್ಥದಂಡಗಳಲ್ಲಿ ‘ಪಾಪೋಪದೇಶ’ವೂ ‘ಹಿಂಸಾದಾನ’ವೂ ಸೇರಿವೆ. ಹಿಂಸೆಯ ಉಪಾಯ ಹೇಳಿಕೊಡುವವನು, ಆಯುಧ, ಬೆಂಕಿ, ವಿಷಗಳನ್ನು ಒದಗಿಸುವವನು ತಾನು ಕೈಯೆತ್ತದಿದ್ದರೂ ಕರ್ಮಬಂಧದಿಂದ ಹೊರಗುಳಿಯಲಾರ. ಕೃತ, ಕಾರಿತ, ಅನುಮೋದನ ಎಂಬ ಮೂರು ದ್ವಾರಗಳಿಂದಲೂ ಆಸ್ರವ ಉಂಟಾಗುತ್ತದೆ. ಬ್ಯೂಲಿಯ ಶಿಕ್ಷಕರಿಗೂ ಪೆನಾಂಗಿನ ಶಿಕ್ಷಕರಿಗೂ ಧ್ವಜ ಬೇರೆ ಬೇರೆ. ಈ ತತ್ತ್ವದ ಮುಂದೆ ಇಬ್ಬರ ಲೆಕ್ಕ ಒಂದೇ.

ಸತ್ಯಾಣುವ್ರತದ ಅಳತೆ

ಸ್ಮರಣ ಸಾಹಿತ್ಯದ ದೊಡ್ಡ ಕೊರತೆಯೆಂದರೆ ಅದು ಕೇವಲ ಮೊದಲನೆಯ ಅಣುವ್ರತದಿಂದ ಹೋರಾಟವನ್ನು ಅಳೆಯುತ್ತದೆ. ಎರಡನೆಯದನ್ನು ಕೈಗೆತ್ತಿಕೊಳ್ಳುವುದೇ ಇಲ್ಲ. ಭೂಗತ ಜೀವನವೆಂದರೆ ಹೆಸರು ಬದಲಿಸುವುದು, ವೇಷ ಬದಲಿಸುವುದು, ನಂಬಿದವರನ್ನೂ ಕತ್ತಲೆಯಲ್ಲಿಡುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ ಎಂಬ ಐದನ್ನು ಹೇಳಿದ್ದಾರೆ. ಏಕಾಂತದ ಗುಟ್ಟನ್ನು ಹೊರಗೆಡಹುವುದು, ಸುಳ್ಳು ಪತ್ರ ಸೃಷ್ಟಿಸುವುದು, ಮುಖಭಾವ ಹಾಗೂ ಸನ್ನೆಗಳಿಂದ ಇನ್ನೊಬ್ಬರ ಅಭಿಪ್ರಾಯವನ್ನು ಊಹಿಸಿ ಬಯಲು ಮಾಡುವುದು: ಬೇಹುಗಾರನ ವೃತ್ತಿಯ ವರ್ಣನೆಯೇ ಇಲ್ಲಿದ್ದಂತಿದೆ. ಊರೂರಿನ ಸುದ್ದಿಯನ್ನು ಪೊಲೀಸರಿಗೆ ಮುಟ್ಟಿಸಿ ಬಹುಮಾನಕ್ಕೆ ಕೈಚಾಚುವ ಗೂಢಚಾರನಿಗೆ ಈ ಐದರಲ್ಲಿ ಹಲವು ಒಟ್ಟಿಗೆ ಅನ್ವಯಿಸುತ್ತವೆ.

ಆದರೆ ಮನೆಗೆ ಬಂದ ಭೂಗತನಿಗೆ ರೊಟ್ಟಿ ಬಡಿದುಕೊಟ್ಟು, ನಸುಕಿನಲ್ಲಿ ಬಾಗಿಲು ಬಡಿದ ಪೊಲೀಸರಿಗೆ ಯಾರೂ ಬಂದಿಲ್ಲವೆಂದು ಹೇಳುವ ತಾಯಿಯ ಮಾತು ಯಾವ ಬಗೆಯದು? ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇದಕ್ಕೆ ಸ್ಪಷ್ಟವಾದ ದಾರಿ ತೋರುತ್ತದೆ. ಸ್ಥೂಲವಾದ ಅಸತ್ಯವನ್ನು ಹೇಳದಿರುವಂತೆಯೇ, ಇನ್ನೊಬ್ಬರಿಗೆ ವಿಪತ್ತು ತರುವ ಸತ್ಯವನ್ನೂ ಹೇಳದಿರುವುದು ಗೃಹಸ್ಥನ ಸತ್ಯವ್ರತದ ಲಕ್ಷಣವೆಂದು ಅಲ್ಲಿ ನಿರೂಪಿತವಾಗಿದೆ. ಆ ತಾಯಿಯ ಮಾತಿನಲ್ಲಿ ಕಷಾಯವಿಲ್ಲ, ಕರುಣೆಯಿದೆ. ಅದು ಆ ಗಳಿಗೆಯಲ್ಲಿ ಹುಟ್ಟಿ ಒಂದು ಜೀವವನ್ನು ಕಾಪಾಡಿ ಅಲ್ಲಿಯೇ ಮುಗಿಯುತ್ತದೆ. ಸುಳ್ಳನ್ನೇ ವಿದ್ಯೆಯಾಗಿ ಕಲಿತು, ತಿಂಗಳುಗಟ್ಟಲೆ ಅದನ್ನೇ ಧರಿಸಿ ನಡೆಯುವವನ ಸ್ಥಿತಿ ಹಾಗಲ್ಲ. ಮಾಯೆ ನಾಲ್ಕು ಕಷಾಯಗಳಲ್ಲಿ ಒಂದು. ಸದುದ್ದೇಶಕ್ಕಾಗಿ ಒಳಗೆ ಕರೆದ ಮಾಯೆಯೂ ಮನೆಯ ಮೂಲೆಗಳನ್ನು ಗುರುತಿಟ್ಟುಕೊಳ್ಳುತ್ತದೆ. ತಾಯಿಯ ಸುಳ್ಳಿಗೂ ತರಬೇತಿ ಪಡೆದ ಸುಳ್ಳಿಗೂ ಇರುವ ಈ ಅಂತರವನ್ನು ಗುರುತಿಸದ ಪ್ರಶಂಸೆ ಎರಡನ್ನೂ ಒಂದೇ ತಟ್ಟೆಯಲ್ಲಿ ಬಡಿಸುತ್ತದೆ.

ಇನ್ನು ಮೂರನೆಯವರ ಪಾಡು. ಚಾವಡಿಯ ದಫ್ತರ ಸುಟ್ಟರೆ ಸರಕಾರದ ಕಂದಾಯದ ಲೆಕ್ಕದೊಡನೆ ಬಡರೈತನ ಹಕ್ಕಿನ ದಾಖಲೆಯೂ ಬೂದಿಯಾಗಬಹುದು. ಟಪಾಲು ಚೀಲದಲ್ಲಿ ಸರಕಾರದ ಹುಕುಮಿನ ಪಕ್ಕದಲ್ಲಿಯೇ ದೂರದ ಮಗನ ಮನಿಯಾರ್ಡರೂ ಇರಬಹುದು. ಚಾವಡಿ ಕಾಯುವ ವಾಲೀಕಾರ ಸಾಮ್ರಾಜ್ಯದ ಸ್ತಂಭವಲ್ಲ, ಹೊಟ್ಟೆಪಾಡಿನ ಆಳು. ತಂತಿ ಕಡಿದವನು ಗಡಿ ದಾಟಿ ಹೋದ ಮೇಲೆ ಸರಕಾರದ ಕೋಪ ಇಳಿಯುತ್ತಿದ್ದದ್ದು ಊರಿನ ಮೇಲೆ; 1942ರ ಸಾಮೂಹಿಕ ದಂಡದ ಸುಗ್ರೀವಾಜ್ಞೆ ಅದಕ್ಕೆಂದೇ ಬಂದಿತ್ತು. ಬಹಿರಂಗ ಸತ್ಯಾಗ್ರಹಿ ತನ್ನ ಕೃತ್ಯದ ಫಲವನ್ನು ತಾನೇ ಉಣ್ಣುತ್ತಾನೆ. ಗುಪ್ತ ಕಾರ್ಯದ ಫಲವನ್ನು ಬಹುಮಟ್ಟಿಗೆ ಮನೆಯಲ್ಲಿ ಉಳಿದವರು ಉಣ್ಣುತ್ತಾರೆ. ಗೌಪ್ಯದ ನೈತಿಕ ಬೆಲೆಯೆಂದರೆ ಇದೇ.

ಈ ಪ್ರಶ್ನೆ ಆ ಕಾಲದಲ್ಲಿಯೇ ಎದ್ದಿತ್ತು. ಗಾಂಧೀಜಿ ಸೆರೆಯಲ್ಲಿದ್ದಾಗ ಕಿಶೋರಲಾಲ ಮಶ್ರುವಾಲಾ ಅವರು 1942ರ ಆಗಸ್ಟಿನ ‘ಹರಿಜನ’ದಲ್ಲಿ, ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸಿದರೆ ತಂತಿ ಕಡಿಯುವಂಥ ಕೃತ್ಯಗಳಿಗೆ ಅವಕಾಶವುಂಟೆಂಬ ಅಭಿಪ್ರಾಯ ಕೊಟ್ಟಿದ್ದರು. ಭೂಗತರಿಗೆ ಅದು ಬಲವಾದ ಆಧಾರವಾಯಿತು. ಗಾಂಧೀಜಿ ಮಾತ್ರ ಅದನ್ನು ಒಪ್ಪಲಿಲ್ಲ. 1944ರ ಮೇ ತಿಂಗಳಲ್ಲಿ ಬಿಡುಗಡೆಯಾದ ಮೇಲೆ ಅವರು ವಿಧ್ವಂಸವೂ ಗೌಪ್ಯವೂ ಅಹಿಂಸೆಗೆ ಹೊಂದುವುದಿಲ್ಲವೆಂದು ಸಾರಿ, ಅಡಗಿರುವವರೆಲ್ಲ ಹೊರಬರಬೇಕೆಂದು ಕರೆಕೊಟ್ಟರು. ದಿವಾಕರರು ಆ ಸಲಹೆಯಂತೆ ಪ್ರಕಟರಾದರು. ಅರುಣಾ ಆಸಫ್ ಅಲಿ, ಅಚ್ಯುತ ಪಟವರ್ಧನರು 1946ರವರೆಗೂ ಮರೆಯಲ್ಲಿಯೇ ಉಳಿದರು. ಶ್ರೀಮದ್ ರಾಜಚಂದ್ರರಿಂದ ಅಹಿಂಸಾತತ್ತ್ವದ ಪ್ರೇರಣೆ ಪಡೆದ ಗಾಂಧೀಜಿಯವರು ಹುತಾತ್ಮರ ಧೈರ್ಯವನ್ನು ಮೆಚ್ಚಿಯೂ ಮಾರ್ಗವನ್ನು ಒಪ್ಪದೆ ಉಳಿದದ್ದು ಗಮನಾರ್ಹ. ಸ್ಮರಣ ಸಂಚಿಕೆಗಳು ಅವರ ಚಿತ್ರವನ್ನು ಮುಖಪುಟದಲ್ಲಿ ಮುದ್ರಿಸುತ್ತವೆ. ಅವರ ಈ ಅಭಿಪ್ರಾಯವನ್ನು ಒಳಪುಟದಲ್ಲಿಯೂ ಮುದ್ರಿಸುವುದಿಲ್ಲ.

ಈಸೂರಿನ ಎದುರುಸಾಕ್ಷಿ

ಬಹಿರಂಗತೆಯೊಂದಿದ್ದರೆ ಸಾಕು, ಅಹಿಂಸೆ ತಾನಾಗಿ ಉಳಿಯುತ್ತದೆ ಎಂದು ವಾದಿಸಿದರೆ ಅದೂ ಏಕಾಂತವಾದವಾದೀತು. ಹಿರೇಕೆರೂರಿನ ಗಡಿಯಾಚೆ ಶಿಕಾರಿಪುರ ತಾಲೂಕಿನ ಈಸೂರು ಇದಕ್ಕೆ ಎದುರುಸಾಕ್ಷಿ. ಅಲ್ಲಿಯ ಜನ 1942ರಲ್ಲಿ ಹಗಲು ಬೆಳಕಿನಲ್ಲಿ, ಎಲ್ಲರೂ ಅರಿಯುವಂತೆ ತಮ್ಮ ಊರನ್ನು ಸ್ವತಂತ್ರವೆಂದು ಘೋಷಿಸಿದರು. ಆದರೆ ಸೆಪ್ಟೆಂಬರ್ ಕೊನೆಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಪೊಲೀಸ್ ಅಧಿಕಾರಿಯೂ ಜನರ ಕೈಯಲ್ಲಿ ಹತರಾದರು. ಊರು ದಮನಕ್ಕೆ ತುತ್ತಾಯಿತು. 1943ರ ಮಾರ್ಚಿನಲ್ಲಿ ಐವರು ಗಲ್ಲಿಗೇರಿದರು. ಬಹಿರಂಗವಾದ ಈಸೂರಿನಲ್ಲಿ ಹತ್ಯೆ ನಡೆಯಿತು; ಗುಪ್ತವಾದ ಹೊಸರಿತ್ತಿಯಲ್ಲಿ ದಾಳಿಮಾಡಿದವರೇ ಪ್ರಾಣ ತೆತ್ತರು.

ಎರಡು ಘಟನೆಗಳನ್ನೂ ಎದುರುಬದುರಾಗಿ ಇಟ್ಟಾಗ ಪ್ರಮಾದವೆಂಬ ಮೂಲತತ್ತ್ವ ಬೆಳಗುತ್ತದೆ. ಪ್ರಮತ್ತವಾದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಒದಗುವ ಹಾನಿಯೇ ಹಿಂಸೆ ಎಂದು ಉಮಾಸ್ವಾತಿ ಆಚಾರ್ಯರು ಲಕ್ಷಣ ಹೇಳಿದರು. ಈಸೂರಿನಲ್ಲಿ ಸತ್ಯವಿತ್ತು, ಉದ್ರೇಕದ ಗಳಿಗೆಯಲ್ಲಿ ಅಪ್ರಮಾದ ತಪ್ಪಿತು. ಹೊಸರಿತ್ತಿಯಲ್ಲಿ ಅಪ್ರಮಾದವಿತ್ತು, ಸತ್ಯದ ಬಹಿರಂಗತೆ ತಪ್ಪಿತ್ತು. ವ್ರತ ಭಂಗವಾದರೆ ಅನಾಚಾರ. ವ್ರತ ಉಳಿದು ಅದಕ್ಕೆ ಮಲಿನತೆ ತಗುಲಿದರೆ ಅತಿಚಾರ. ಈ ಶಾಸ್ತ್ರೀಯ ವಿಭಾಗದ ಪ್ರಕಾರ ಹೊಸರಿತ್ತಿಯ ವೀರರದು ಅಹಿಂಸೆಯ ಭಂಗವಲ್ಲ, ಅತಿಚಾರ. ಪರಿಪೂರ್ಣ ಅಹಿಂಸೆ ಎಂಬ ಸಿದ್ಧಮಾತಿಗಿಂತ ಈ ತೀರ್ಮಾನ ಅವರನ್ನು ಹೆಚ್ಚು ಗೌರವಿಸುತ್ತದೆ. ಏಕೆಂದರೆ ಇದು ಅವರನ್ನು ವ್ರತವುಳ್ಳ ಮನುಷ್ಯರೆಂದು ಪರಿಗಣಿಸುತ್ತದೆ.

ಬಂಕಾಪುರದ ಪಾಠ

ಜೈನ ಪರಂಪರೆ ರಾಜಕಾರಣದ ಕಠೋರತೆಯನ್ನು ಅರಿಯದ ಪರಂಪರೆಯಲ್ಲ. ಹತ್ತನೆಯ ಶತಮಾನದ ಸೋಮದೇವಸೂರಿಗಳ ‘ನೀತಿವಾಕ್ಯಾಮೃತ’ದಲ್ಲಿ ದೂತರಿಗೆ ಒಂದು, ಚಾರರಿಗೆ ಒಂದು ಪ್ರಕರಣವೇ ಇದೆ. ರಾಜ್ಯಭಾರ ಮಾಡುವವನಿಗೆ ಗೂಢಚಾರರು ಅನಿವಾರ್ಯವೆಂದು ಒಬ್ಬ ದಿಗಂಬರ ಮುನಿಯೇ ನಿರೂಪಿಸಿದ್ದಾರೆ. ಆದರೆ ಅವರು ಅದನ್ನು ರಾಜನೀತಿಯೆಂದರು, ಮೋಕ್ಷಮಾರ್ಗವೆನ್ನಲಿಲ್ಲ. ಅನಿವಾರ್ಯವಾದದ್ದನ್ನು ಪುಣ್ಯವೆಂದು ಕರೆಯದ ವಿವೇಕ ಅದು. ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ವಿಂಗಡಿಸಿದವರೂ ಆತ್ಮರಕ್ಷಣೆಯ ವಿರೋಧೀ ಹಿಂಸೆಗೆ ಅವಕಾಶ ಕೊಟ್ಟರೇ ವಿನಾ ಅದಕ್ಕೆ ಅಹಿಂಸೆಯೆಂಬ ಹೆಸರು ಕೊಡಲಿಲ್ಲ.

ವೀರರನ್ನು ಸ್ಮರಿಸುವ ಬಗೆಯನ್ನೂ ಈ ಸೀಮೆಯ ನೆಲವೇ ಕಲಿಸಿದೆ. ಶಿಗ್ಗಾಂವಿ ತಾಲೂಕಿನ ಬಂಕಾಪುರ ಒಂದು ಕಾಲದ ಹಿರಿಯ ಜೈನ ಕೇಂದ್ರ. ಗುಣಭದ್ರಾಚಾರ್ಯರ ‘ಉತ್ತರಪುರಾಣ’ ಲೋಕಾದಿತ್ಯನ ಆಳ್ವಿಕೆಯಲ್ಲಿ 898ರಲ್ಲಿ ಅಲ್ಲಿ ಪೂಜೆಗೊಂಡಿತು. ಗಂಗರ ಮಾರಸಿಂಹ ಅನೇಕ ಯುದ್ಧಗಳನ್ನು ಗೆದ್ದು, ಕೊನೆಗೆ ರಾಜ್ಯವನ್ನು ತ್ಯಜಿಸಿ, ಅದೇ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸಾನ್ನಿಧ್ಯದಲ್ಲಿ 974ರ ಸುಮಾರಿಗೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಕಂಬದ ಶಾಸನ ಅವನ ವಿಜಯಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ ಆ ವ್ರತವನ್ನೂ ಹೇಳುತ್ತದೆ. ಶಾಸನಕಾರ ಯುದ್ಧವನ್ನು ಮರೆಮಾಚಲಿಲ್ಲ. ಯುದ್ಧವೇ ಅಹಿಂಸೆಯೆಂದೂ ವರ್ಣಿಸಲಿಲ್ಲ. ಶೌರ್ಯ ಮತ್ತು ತ್ಯಾಗ ಎರಡಕ್ಕೂ ಕಲ್ಲಿನಲ್ಲಿ ಸ್ಥಳ ದೊರೆಯಿತು. ಮಾರಸಿಂಹನಿಗೆ ದೊರೆತ ಆ ಕೊನೆಯ ಅವಕಾಶ ಹೊಸರಿತ್ತಿಯ ಮೂವರಿಗೆ ದೊರೆಯಲಿಲ್ಲ. ಅವರ ಪರವಾಗಿ ಅತ್ತಿತ್ತಲಿನ ಲೆಕ್ಕವನ್ನು ಪ್ರಾಮಾಣಿಕವಾಗಿ ನೋಡುವ ಕರ್ತವ್ಯ ಸ್ಮರಿಸುವವರಿಗೆ ಸೇರಿದ್ದು.

ಬಸದಿಗಳ ವಿಶ್ವಸ್ತ ಮಂಡಲಿಗಳು ಯೋಚಿಸಬೇಕಾದ ಮತ್ತೊಂದು ಸಂಗತಿಯೂ ಹೊಸರಿತ್ತಿಯಲ್ಲಿದೆ. ಅಂದು ರಕ್ತ ಹರಿದದ್ದು ದೇವಸ್ಥಾನದ ಆವರಣದಲ್ಲಿ. ದೇವರ ಮನೆಯಲ್ಲಿ ಆಳುವವರ ಖಜಾನೆ ಸೇರಿತು, ಅದರ ಹಿಂದೆ ಬಂದೂಕ ಸೇರಿತು, ಅದರ ಹಿಂದೆ ಸಾವು ಬಂದಿತು. ಧರ್ಮಸ್ಥಾನದ ಕಟ್ಟಡವನ್ನು ಅಧಿಕಾರದ ಕೆಲಸಕ್ಕಾಗಲಿ, ಅಧಿಕಾರದ ವಿರುದ್ಧದ ಗುಪ್ತ ಕೆಲಸಕ್ಕಾಗಲಿ ಬಿಟ್ಟುಕೊಡುವಾಗ ಈ ಕ್ರಮವನ್ನು ನೆನೆಯುವುದು ಒಳಿತು. ಆಶ್ರಯ ಬೇಡಿ ಬಂದ ಜೀವಕ್ಕೆ ಅಭಯದಾನ ಕೊಡುವುದು ಬಸದಿಯ ಧರ್ಮ. ಹಣ, ಆಯುಧ, ಗುಟ್ಟುಗಳಿಗೆ ಆಶ್ರಯ ಕೊಡುವುದು ಅದರ ಧರ್ಮವಲ್ಲ.

ಶ್ರಾವಕರ ಮನೆಗಳಲ್ಲಿ ಅಜ್ಜಂದಿರ ಭೂಗತ ದಿನಗಳ ಕಥೆಗಳನ್ನು ಮಕ್ಕಳಿಗೆ ಹೇಳಬೇಕು, ಹೇಳದಿದ್ದರೆ ಕೃತಘ್ನತೆಯಾದೀತು. ಆದರೆ ಕಥೆ ಸುಟ್ಟ ಚಾವಡಿಯ ಬೆಳಕಿನಲ್ಲಿಯೇ ಮುಗಿಯಬಾರದು. ಮರುದಿನ ದಂಡ ತೆತ್ತ ಊರು, ಬಾಗಿಲಲ್ಲಿ ನಿಂತ ತಾಯಿ, ಪಹರೆಯ ಬಡ ಸಿಪಾಯಿ, 1944ರಲ್ಲಿ ಹೊರಬನ್ನಿ ಎಂದ ಗಾಂಧೀಜಿ ಇವರೂ ಕಥೆಯಲ್ಲಿರಬೇಕು. ಪ್ರತಿದಿನ ತನ್ನ ದೋಷಗಳನ್ನು ಎಣಿಸಿಕೊಂಡು ಪ್ರತಿಕ್ರಮಣ ಮಾಡುವುದನ್ನು ಕಲಿಸಿದ ಸಮಾಜ ತನ್ನ ವೀರರ ಸ್ಮರಣೆಯಲ್ಲಿ ಮಾತ್ರ ಪ್ರತಿಕ್ರಮಣವನ್ನು ಬಿಟ್ಟುಬಿಡುವುದು ಉಚಿತವಲ್ಲ. ಮುಂದಿನ ಆಗಸ್ಟ್ ತಿಂಗಳ ಸಭೆಯಲ್ಲಿ ಹುತಾತ್ಮರಿಗೆ ಹೂಮಾಲೆ ಅರ್ಪಿಸಿದ ಬಳಿಕ, ಅವರಿಂದ ನೊಂದವರಿಗಾಗಿಯೂ ಒಂದು ಕ್ಷಮಾಪಣೆಯ ಮಾತು ಹೊರಟರೆ ಆ ಸ್ಮರಣೆ ಜೈನ ಸ್ಮರಣೆಯಾದೀತು.